ಮೂಕಿಯ ಕೆಳಗಿನ ನಾಲ

ನಾನು ಬಣ್ಣ ಹಚ್ಚುವವನು, ಹೆಸರು ಗುಫ್ರಾನ್. ಕಲಬುರಗಿಯ ಹುಮನಾಬಾದ ರಿಂಗ್ ರೋಡಿನ ಬದಿಗೆ ದೌಲಪ್ಪ ಮಿಸ್ತ್ರಿಯ ಅಂಗಳವಿದೆ. ಟ್ರ್ಯಾಕ್ಟರಿಗೆ ಕಟ್ಟುವ ಟ್ರ್ಯಾಲಿಗಳು ಅಲ್ಲಿ ತಯಾರಾಗುತ್ತವೆ. ಕಬ್ಬಿಣ ಅವನದು, ಬಣ್ಣ ನನ್ನದು. ಕೊಳ್ಳಲು ಬಂದವರು ಕಬ್ಬಿಣದ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ. ನಾನು ಬರೆದ ನವಿಲನ್ನೂ ತಮ್ಮ ಮಗನ ಹೆಸರನ್ನೂ ನೋಡಿ ‘ಬಾಡಿ ಭಾರೀ ಗಟ್ಟಿ ಅದ’ ಎನ್ನುತ್ತಾರೆ. ನವಿಲಿಗೂ ಗಟ್ಟಿತನಕ್ಕೂ ಏನು ಸಂಬಂಧ ಎಂದು ನಾನು ಕೇಳಲು ಹೋಗುವುದಿಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸಿ ನನಗೇನಾಗಬೇಕು.

ಗಟ್ಟಿತನ ಇರುವುದು ಕೆಳಗೆ. ದೌಲಪ್ಪ ಮೊದಲು ಎರಡು ಉದ್ದನೆಯ ಕಬ್ಬಿಣದ ಚಾನೆಲ್‌ಗಳನ್ನು ಜೋಡಿಯಾಗಿ ಮಲಗಿಸಿ, ನಡುನಡುವೆ ಅಡ್ಡಪಟ್ಟಿ ಕೂಡಿಸುತ್ತಾನೆ. ಆಗ ಅದು ನೆಲಕ್ಕೆ ಕೆಡವಿದ ನಿಚ್ಚಣಿಕೆಯ ಹಾಗೆ ಕಾಣುತ್ತದೆ. ಅದೇ ಚಾಸಿ. ಅದರ ಮೇಲೆ ತಗಡಿನ ನೆಲ, ಸುತ್ತ ಬಾಗಿಲುಗಳು, ಕೆಳಗೆ ಆಕ್ಸಲ್ಲು, ಎರಡು ಗಾಲಿ. ಚಾನೆಲ್‌ಗಳು ಮುಂದಕ್ಕೆ ಚಾಚಿ ಒಂದಕ್ಕೊಂದು ಹತ್ತಿರವಾಗಿ ಟ್ರ್ಯಾಕ್ಟರಿನ ಕೊಕ್ಕೆಗೆ ಸಿಕ್ಕಿಕೊಳ್ಳುವ ಭಾಗಕ್ಕೆ ನಮ್ಮಲ್ಲಿ ಮೂಕಿ ಎನ್ನುತ್ತೇವೆ. ಎತ್ತಿನ ಬಂಡಿಗೆ ಇದ್ದ ಹೆಸರೇ ಅದು. ದೌಲಪ್ಪನ ಮುತ್ಯಾ, ಅಂದರೆ ಅಜ್ಜ, ಬಂಡಿ ಮಾಡುತ್ತಿದ್ದ. ಕಟ್ಟಿಗೆ ಹೋಗಿ ಕಬ್ಬಿಣ ಬಂದರೂ ಮೂಕಿ ಮೂಕಿಯಾಗಿಯೇ ಉಳಿಯಿತು.

ಚಾನೆಲ್ ಎಂದರೆ ನೆಟ್ಟಗೆ ನಿಂತ ಒಂದು ಎದೆ, ಮೇಲೆ ಕೆಳಗೆ ಒಂದೊಂದು ಅಂಚು. ದೌಲಪ್ಪನದು ಒಂದೇ ಕಾನೂನು: ವೆಲ್ಡಿಂಗಿನ ಬೆಂಕಿ ಎದೆಗೆ ತಾಗಬೇಕು, ಅಂಚಿಗೆ ತಾಗಬಾರದು. ಕೆಲಸಕ್ಕೆ ಹೊಸಬರು ಬಂದರೆ ಒಂದು ಹಸಿ ತೊಗರಿ ಕಡ್ಡಿ ತಂದು ಅವರ ಮುಂದೆ ಬಗ್ಗಿಸುತ್ತಿದ್ದ. ಕಡ್ಡಿ ಬಾಗುತ್ತಿತ್ತು, ಮುರಿಯುತ್ತಿರಲಿಲ್ಲ. ಆಮೇಲೆ ಕೆಳಮೈಗೆ ಉಗುರಿನಿಂದ ಒಂದು ಗೀರು ಹಾಕಿ ಮತ್ತೆ ಬಗ್ಗಿಸಿದರೆ ಗೀರಿನಲ್ಲೇ ಲಟಕ್ ಎನ್ನುತ್ತಿತ್ತು.

“ಹೊರಿ ಬಿದ್ದಾಗ ಕೆಳಗಿನ ಅಂಚು ಜಗ್ತದ. ಗಾಲಿ ತಗ್ಗಿಗೆ ಇಳದಾಗೊಮ್ಮೆ ಜಗ್ತದ. ಜಗ್ಗೂ ಜಾಗಾದಾಗ ಗಾಯ ಮಾಡಬ್ಯಾಡ್ರಿ,” ಎನ್ನುತ್ತಿದ್ದ. ಅಂಚಿಗೆ ಯಾರಾದರೂ ವೆಲ್ಡಿಂಗ್ ಕಡ್ಡಿ ತಾಗಿಸಿದ್ದು ಕಂಡರೆ ಅವರ ಏಳು ತಲೆಮಾರು ಜಾಲಾಡುತ್ತಿದ್ದ. ಇಷ್ಟು ಶಿಸ್ತಿನ ಮನುಷ್ಯನನ್ನು ನಾನು ಕಂಡಿಲ್ಲ, ಇವತ್ತಿಗೂ ಹಾಗೆಯೇ ಹೇಳುತ್ತೇನೆ.

ಇನ್ನು ನಾಲ. ಕುದುರೆಯ ಕಾಲಿನ, ಸವೆದ ನಾಲ. ಅದಿಲ್ಲದೆ ನಮ್ಮ ಅಂಗಳದಿಂದ ಒಂದು ಟ್ರ್ಯಾಲಿಯೂ ಹೊರಬೀಳುತ್ತಿರಲಿಲ್ಲ. ಮುತ್ಯಾನ ಕಾಲದಲ್ಲಿ ಬಂಡಿಯ ಮೂಕಿ ಬುಡಕ್ಕೆ, ಕೆಳಮುಖವಾಗಿ, ಒಂದು ನಾಲ ಬಡಿಯುತ್ತಿದ್ದರಂತೆ. ದೃಷ್ಟಿ ತಾಗಬಾರದು, ದಾರಿಯಲ್ಲಿ ಅಡ್ಡಿ ಬರಬಾರದು, ಅದಕ್ಕೇ ನಾಲ ದಾರಿಯನ್ನೇ ನೋಡಬೇಕು. ಕಟ್ಟಿಗೆಗೆ ಮೊಳೆ ಸಾಕಿತ್ತು. ಕಬ್ಬಿಣಕ್ಕೆ ಮೊಳೆ ಹೋಗುವುದಿಲ್ಲವಲ್ಲ, ವೆಲ್ಡಿಂಗ್ ಬಂತು. ದೌಲಪ್ಪ ನಾಲಕ್ಕೆ ವಿಭೂತಿ ಹಚ್ಚುತ್ತಿದ್ದ, ನಾನು ಲೋಬಾನದ ಹೊಗೆ ಹಾಕಿ ಕೆಂಪು ಬಳಿಯುತ್ತಿದ್ದೆ. ತಂಟೆಯಿಲ್ಲದ ಪೂಜೆ. ಮೂಕಿಯ ಕೆಳಮುಖ ಎಂದರೆ ಚಾನೆಲ್ಲಿನ ಕೆಳಗಿನ ಅಂಚೇ ಎಂದು ಇಷ್ಟು ವರ್ಷ ಯಾರಿಗೂ ಹೊಳೆಯಲಿಲ್ಲ. ದೌಲಪ್ಪನಿಗೂ ಹೊಳೆಯಲಿಲ್ಲ. ಅಡ್ಡಪಟ್ಟಿ ಕೂಡಿಸುವುದು ಕೆಲಸ, ಅದಕ್ಕೆ ಕಾನೂನಿತ್ತು. ನಾಲ ಹಚ್ಚುವುದು ದೇವರ ಕೆಲಸ, ದೇವರಿಗೆ ಯಾವ ಕಾನೂನು ಹೇಳುತ್ತೀರಿ.

ಕಮಲಾಪುರದ ದುಂಡಮ್ಮ ನಮ್ಮ ಅಂಗಳಕ್ಕೆ ಬಂದದ್ದು ಎರಡು ತೊಗರಿ ರಾಶಿಗಳ ಹಿಂದೆ. ಗಂಡ ಅಮೋಘಪ್ಪ, ಮಗ ಆನಂದಕುಮಾರ ಜೊತೆಗಿದ್ದರು. ಟ್ರ್ಯಾಲಿ ತಯಾರಾಗಿ ನಿಂತಿತ್ತು. ಹಿಂಬಾಗಿಲ ಮೇಲೆ ಅವರ ಹೊಲದ ಕೆಂಪು ಬಾಳೆಗೊನೆ ಬರೆದಿದ್ದೆ. ಆನಂದ ಅದನ್ನು ನೋಡಿ ನಕ್ಕು, “ಚಾಚಾ, ಗೊನಿ ನಮ್ಮ ಹೊಲದ್ದಕಿಂತ ದೊಡ್ಡದಾಗ್ಯದ. ವ್ಯಾಪಾರಸ್ಥರು ನೋಡಿದ್ರ ಮೋಸ ಅಂತಾರ,” ಅಂದ. ನಗುಮುಖದ ಹುಡುಗ. ಆವತ್ತು ನಮ್ಮಲ್ಲಿ ನಾಲ ಮುಗಿದಿದ್ದವು. ಟಾಂಗಾಗಳು ಊರಿಂದ ಹೋಗಿ ಎಷ್ಟೋ ಕಾಲವಾಯಿತು. ಈಗ ಮದುವೆ ಮೆರವಣಿಗೆಯ ಕುದುರೆಗಳದೇ ನಾಲ ಸಿಗಬೇಕು.

“ಈ ಸಲ ನಾಲ ಬಿಟ್ಟು ಒಯ್ಯಿರಿ, ಯವ್ವಾ. ಮುಂದ ಬಂದಾಗ ಹಚ್ಚಿ ಕೊಡ್ತೀನಿ,” ಎಂದ ದೌಲಪ್ಪ.

ದುಂಡಮ್ಮ ಮೂಕಿಯ ಮೇಲೆ ಕೂತೇ ಬಿಟ್ಟಳು. “ನನ್ನ ಮಗ ಹೊಡೀತಾನ ಇದನ್ನ. ನಾಲ ಇಲ್ಲದ ಗಾಡಿ ನಾ ಮನಿಗಿ ಒಯ್ಯಂಗಿಲ್ಲ. ಎಲ್ಲಿ ಸಿಗ್ತದ ಹೇಳು, ನಾನ ತರ್ತೀನಿ.”

ನಾನೇ ಆಟೋದಲ್ಲಿ ಅವಳನ್ನು ಮೋಮಿನಪುರಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಬಷೀರುನ್ನೀಸಾ ಎಂಬ ಮುದುಕಿ ಇದ್ದಾಳೆ. ಗಂಡ ಟಾಂಗಾ ಹೊಡೆಯುತ್ತಿದ್ದ. ಅವನ ಕುದುರೆಯ ಹಳೆಯ ನಾಲಗಳನ್ನು ಎಣ್ಣೆ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಾಳೆ. ಮುದುಕಿಯರಿಬ್ಬರೂ ಚಹಾ ಕುಡಿದರು, ಮೊಣಕಾಲು ನೋವಿನ ಬಗ್ಗೆ ಮಾತಾಡಿದರು. “ನಾಲಕ್ಕ ಬೆಲಿ ಕಟ್ಟಬಾರದು ಬೆಹೆನ್, ಒಯ್ಯಿ. ಬೇಟಾ ಸಲಾಮತ್ ರಹೇ, ಮಗ ಛಂದ ಇರಲಿ,” ಅಂದಳು ಬಷೀರುನ್ನೀಸಾ. ದುಂಡಮ್ಮ ನಾಲವನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ದಾರಿಯುದ್ದಕ್ಕೂ ಅದರ ಮೇಲೆ ಕೈ ಇಟ್ಟುಕೊಂಡಿದ್ದಳು. ಅದರ ಒಂದು ಕಾಲು ಇನ್ನೊಂದಕ್ಕಿಂತ ಹೆಚ್ಚು ಸವೆದಿತ್ತು. ಅಂಗಳಕ್ಕೆ ಬಂದು ತಾನೇ ಎದುರು ನಿಂತು ಹಚ್ಚಿಸಿಕೊಂಡಳು. “ಇನ್ನೊಂದ ಸುತ್ತು ವೆಲ್ಡಿಂಗ್ ಹೊಡಿಯಪ್ಪಾ, ಕಿತ್ತು ಬೀಳಬಾರದು,” ಎಂದಳು. ದೌಲಪ್ಪ ನಕ್ಕು, ಇನ್ನೊಂದು ಸುತ್ತು ಹೊಡೆದ.

‘ನಾ ತಂದ ನಾಲ’ ಎಂದು ಆಮೇಲೆ ಕಮಲಾಪುರದ ತುಂಬ ಹೇಳಿಕೊಂಡು ಓಡಾಡಿದಳಂತೆ. ಬಾವಿಕಟ್ಟೆಯಲ್ಲಿ, ಕಿರಾಣಿ ಅಂಗಡಿಯಲ್ಲಿ, ಬೀಗರ ಮನೆಯಲ್ಲಿ ಅದೇ ಮಾತು.

ಹೋದ ತೊಗರಿ ಕೊಯ್ಲಿನಲ್ಲಿ ಕಮಲಾಪುರದ ಅಂಬಣ್ಣನ ಫೋನು ಬಂತು. ಅವನೂ ನಮ್ಮ ಗಿರಾಕಿ. ಆನಂದಕುಮಾರನ ಟ್ರ್ಯಾಲಿ ಊರ ಹತ್ತಿರದ ಇಳಿಜಾರಿನಲ್ಲಿ ಪಲ್ಟಿಯಾಗಿತ್ತು. ಹೊಲದಿಂದ ಕೊಯ್ಲಿನ ಹೆಂಗಸರನ್ನು ತುಂಬಿಕೊಂಡು ಬರುತ್ತಿದ್ದ. ಮೂಕಿ ಮುರಿದು, ಮುಂಭಾಗ ರಸ್ತೆಗೆ ಹೂತು, ಇಡೀ ಟ್ರ್ಯಾಲಿ ಮಗುಚಿ ಬಿತ್ತು. ಹೆಂಗಸರ ನಡುವೆ ಕೂತಿದ್ದ ಅವನ ತಾಯಿ ದುಂಡಮ್ಮ ಹೋದಳು. ಅದೇ ಊರಿನ ಶಂಕ್ರಮ್ಮ ಎಂಬವಳ ಸೊಸೆ ಶೀಲಾ ಹೋದಳು. ಉಳಿದವರಿಗೆ ಕೈಕಾಲು ಮುರಿದಿದ್ದವು.

“ಹುಡುಗ ಜೋರ ಹೊಡದಾನ. ಮೊಬೈಲ್ ನೋಡಾಕತ್ತಿದ್ದ ಅಂತಾರ,” ಎಂದ ಅಂಬಣ್ಣ. ಯಾರು ಅಂತಾರೆ ಎಂದು ನಾನು ಕೇಳಿದೆ. ಎಲ್ಲಾರೂ ಅಂತಾರೆ ಎಂದ. ಎಲ್ಲರೂ ಎನ್ನುವವರು ಯಾವ ಅಪಘಾತದಲ್ಲೂ ಸ್ಥಳದಲ್ಲಿರುವುದಿಲ್ಲ, ಆದರೆ ಸಾಕ್ಷಿ ಅವರದೇ ನಡೆಯುತ್ತದೆ.

ಮಣ್ಣು ಮಾಡಿದ ಮೂರನೆಯ ದಿನ ದೌಲಪ್ಪನ ಬೈಕಿನಲ್ಲಿ ನಾವಿಬ್ಬರೂ ಮಾತಾಡಿಸಲು ಹೋದೆವು. ಮಹಾಗಾಂವ ಕ್ರಾಸ್ ದಾಟಿ ಅವನು ಬೈಕಿನ ವೇಗ ಇಳಿಸಿದ. ಆಮೇಲೆ ಒಂದೇ ಮಾತು: “ಮೂಕಿ ಯಾಕ ಮುರೀತು, ಭೈ? ಪೂರಾ ಕಬ್ಬು ಹೇರಿದ್ರೂ ಮುರೀಬಾರದು ಅದು.”

ಅಮೋಘಪ್ಪ ಕಟ್ಟೆಯ ಮೇಲೆ ಕೂತಿದ್ದ. ನಮ್ಮನ್ನು ಕಂಡು ಎದ್ದು ದೌಲಪ್ಪನ ಎರಡೂ ಕೈ ಹಿಡಿದುಕೊಂಡ. ಬೈಯುತ್ತಾನೆ ಎಂದುಕೊಂಡಿದ್ದೆವು. ಅವನು ಹೇಳಿದ್ದು ಬೇರೆ: “ಮಿಸ್ತ್ರೀ, ನಿನ್ನ ನಾಲ ಇತ್ತಂತ ಉಳದವರು ಉಳದಾರ. ಇಲ್ಲಂದ್ರ ಒಬ್ಬಾಕಿನೂ ಉಳೀತಿದ್ದಿಲ್ಲ. ನನ್ನ ಮಗ ತಾಯಿನ್ನ ತಿಂದ. ನಿನ್ನ ನಾಲ ಊರ ಕಾಯ್ತು.”

ಟ್ರ್ಯಾಲಿಯನ್ನು ಹೊಲದ ಕೊಟ್ಟಿಗೆಗೆ ಎಳೆದು ತಂದಿದ್ದರು. ನನ್ನ ಬಾಳೆಗೊನೆ ಮಣ್ಣಿನಲ್ಲಿ ಮುಖ ಕೆಳಗಾಗಿ ಬಿದ್ದಿತ್ತು. ಮುರಿದ ಮೂಕಿ ಮಾತ್ರ ಬೇರೆಯಾಗಿ, ಗೋಡೆಗೆ ಆನಿಸಿ, ಗೌರವದಿಂದ ನಿಂತಿತ್ತು. ನಾಲಕ್ಕೆ ಕುಂಕುಮ ಹಚ್ಚಿ ಚೆಂಡುಹೂ ಏರಿಸಿದ್ದರು.

ದೌಲಪ್ಪ ಹೂ ಸರಿಸಿದ. ಮೂಕಿ ಮುರಿದದ್ದು ಸರಿಯಾಗಿ ನಾಲದ ಒಂದು ಕಾಲಿನ ಪಕ್ಕಕ್ಕೆ, ವೆಲ್ಡಿಂಗ್ ಮುಗಿಯುವ ಗೆರೆಗುಂಟ. ಅವನು ಹೆಬ್ಬೆರಳಿನಿಂದ ಆ ಮುರಿದ ಮುಖ ಒರೆಸಿ ನನ್ನ ಕಡೆ ತಿರುಗಿಸಿದ.

“ನೀ ಬಣ್ಣದವ. ನೋಡು. ಏನ ಕಾಣ್ತದ?”

ಮೂರು ಬಣ್ಣ ಕಂಡವು. ವೆಲ್ಡಿಂಗಿನ ಬುಡದಲ್ಲಿ ಉಗುರಿನಷ್ಟು ಕಪ್ಪು. ಅದರ ಸುತ್ತ ಅಂಗೈಯಗಲ ಕಂದು ತುಕ್ಕು. ಉಳಿದದ್ದು ಹೊಸ ಬೆಳ್ಳಿಯ ಹಾಗೆ ಬಿಳಿ. ಕಪ್ಪು ಅತಿ ಹಳೆಯದು. ಕಂದು ಈ ವರ್ಷದ ಮಳೆಯದು. ಬಿಳಿ ಮಾತ್ರ ಆ ಸಂಜೆಯದು. ಅಂದರೆ ಮೂಕಿ ಆವತ್ತು ಮುರಿಯಲಿಲ್ಲ, ಎಷ್ಟೋ ತಿಂಗಳಿಂದ ಮುರಿಯುತ್ತಾ ಬಂದು ಆವತ್ತು ಮುಗಿಯಿತು. ಶುರುವಾದದ್ದು ನಾಲದಿಂದ.

ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ದೌಲಪ್ಪ ಸೆಗಣಿ ನೆಲದ ಮೇಲೆ ಕುಸಿದು ಕೂತ. ಎಲ್ಲರಿಗೂ ಹೇಳಿದ ಕಾನೂನನ್ನು ತಾನೇ ಪ್ರತಿಯೊಂದು ಟ್ರ್ಯಾಲಿಯಲ್ಲಿ ಮುರಿದಿದ್ದೇನೆ, ಅದೂ ವಿಭೂತಿ ಹಚ್ಚಿ ಮುರಿದಿದ್ದೇನೆ ಎಂದು ಅವನಿಗೆ ಆ ಕ್ಷಣಕ್ಕೆ ತಿಳಿಯಿತು. ನಮ್ಮ ಅಂಗಳದಿಂದ ಹೋದ ಟ್ರ್ಯಾಲಿಗಳು ಈ ಸೀಮೆಯ ತುಂಬ ಓಡುತ್ತಿವೆ, ಎಲ್ಲದರ ಹೊಟ್ಟೆಯಡಿಯೂ ಒಂದು ನಾಲ. ನನಗೆ ದುಃಖಕ್ಕಿಂತ ಮೊದಲು ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಬೇಡಿ. ಮುತ್ಯಾನ ಮೇಲೆ, ಕುದುರೆಯ ಮೇಲೆ, ನನ್ನ ಕೆಂಪು ಬಣ್ಣದ ಮೇಲೆ.

ಕೊಟ್ಟಿಗೆಯ ಮೂಲೆಯಲ್ಲಿ ಯಾರೋ ಕದಲಿದರು. ಆನಂದಕುಮಾರ. ಮಣ್ಣು ಮಾಡಿ ಬಂದ ದಿನದಿಂದ ಮನೆಯೊಳಗೆ ಕಾಲಿಟ್ಟಿಲ್ಲವಂತೆ. ಪೊಲೀಸರು ಠಾಣೆಗೆ ಒಯ್ದು ಕೂರಿಸಿಕೊಂಡು ಆಮೇಲೆ ಬಿಟ್ಟಿದ್ದರು, ಕೇಸು ಅವನ ಮೇಲೆಯೇ ಇತ್ತು. ಪಕ್ಕದಲ್ಲಿ ಬಟ್ಟೆ ಮುಚ್ಚಿದ ರೊಟ್ಟಿ ಹಾಗೇ ಇತ್ತು.

“ಕಾಕಾ, ಎಮ್ಮಿ ಅಡ್ಡ ಬಂತ್ರಿ,” ಎಂದ. “ಜೋರ ಬ್ರೇಕ್ ಒತ್ತಿದೆ. ಹಿಂದ ಅವ್ವ ಕುಂತಾಳ ಅನ್ನೂದ ನೆಪ್ಪ ಹಾರ್ತು. ನಾನ ಕೊಂದೆ.”

“ಬ್ರೇಕಿಗೆ ಮೂಕಿ ಮುರಿಯಂಗಿಲ್ಲ, ತಮ್ಮಾ. ಅದು ಮದಲ ಮುರದಿತ್ತು,” ಎಂದ ದೌಲಪ್ಪ. ಕೊಟ್ಟಿಗೆಯ ಹೊರಗಿಂದ ಒಂದು ತೊಗರಿ ಕಡ್ಡಿ ಕಿತ್ತು ತಂದ. ಬಗ್ಗಿಸಿ ತೋರಿಸಿದ. ಉಗುರಿನಿಂದ ಗೀರಿದ. ಮತ್ತೆ ಬಗ್ಗಿಸಿದ. ಲಟಕ್ ಎಂದಿತು. ಮುರಿದ ಮೂಕಿಯನ್ನು ಹತ್ತಿರ ತಂದು ಕಪ್ಪು, ಕಂದು, ಬಿಳಿ ಮೂರನ್ನೂ ಬೆರಳಿಟ್ಟು ತೋರಿಸಿದ.

ಆನಂದ ಆ ಬಣ್ಣಗಳ ಮೇಲೆ ತಾನೂ ಬೆರಳಾಡಿಸಿದ. “ಹಂಗಾರ... ನಾ ಅಲ್ಲೇನ್ರಿ?”

“ನೀ ಅಲ್ಲ. ನಾನು. ನನ್ನ ಕೈ. ಆ ಎಮ್ಮಿ ಬರದಿದ್ರೂ ನಾಳಿ ನಾಡಿದ್ದು ಎಲ್ಲ್ಯಾರೆ ಮುರೀತಿತ್ತು. ನಾ ಊರಾಗ ಹೇಳ್ತೀನಿ, ಕೋರ್ಟಿನ್ಯಾಗ ಹೇಳ್ತೀನಿ.”

ಹುಡುಗ ಬಿಕ್ಕಿ ಬಿಕ್ಕಿ ಅತ್ತ. ಅತ್ತು ಮುಗಿಸಿ ತಾನಾಗಿಯೇ ಬಟ್ಟೆ ಸರಿಸಿ ಆ ತಣ್ಣನೆ ರೊಟ್ಟಿಯ ಒಂದು ತುಂಡು ಮುರಿದು ಬಾಯಿಗಿಟ್ಟುಕೊಂಡ. ನನಗೆ ಎಷ್ಟು ಸಮಾಧಾನವಾಯಿತೆಂದರೆ ಅಲ್ಲಾಹನ ಹೆಸರು ತಾನೇ ಬಾಯಿಗೆ ಬಂತು.

ಅಗಿಯುತ್ತಾ ಅವನ ಕಣ್ಣು ನಾಲದ ಮೇಲೆ ಹೋಯಿತು. ಅಗಿಯುವುದು ನಿಂತಿತು.

“ಇದು ಅವ್ವ ತಂದದ್ದು,” ಎಂದ.

ದೌಲಪ್ಪ ಮುರಿದ ಮೂಕಿಯನ್ನು ಮೆಲ್ಲಗೆ ನೆಲಕ್ಕಿಳಿಸಿದ.

“ಬ್ಯಾಡಂದ್ರೂ ಕೇಳದ ಹಟ ಮಾಡಿ ತಂದಾಳ. ಇನ್ನೊಂದ ಸುತ್ತು ಹೊಡಿ ಅಂತ ನಿಂತು ಹಚ್ಚಿಸ್ಯಾಳ. ಊರಿಗೆಲ್ಲ ಹೇಳ್ಯಾಳ. ನೀವು ನಾಲದಿಂದ ಮುರೀತು ಅಂದ್ರ ಜನ ಏನಂತಾರ್ರಿ? ದುಂಡಮ್ಮ ತಂದ ನಾಲ ಶೀಲಾನ್ನ ಕೊಂದ್ತು ಅಂತಾರ.” ಬಾಯಲ್ಲಿದ್ದ ತುತ್ತನ್ನು ಅಂಗೈಗೆ ಉಗುಳಿದ. “ಶಂಕ್ರಮ್ಮ ದಿನಾ ಬದುವಿನ ಮ್ಯಾಲ ನಿಂತು ನನಗ ಬೈತಾಳ. ಬೈಲಿ, ನಾ ಕೇಳ್ತೀನಿ. ಅವ್ವಗ ಬೈದ್ರ ಅಕಿ ಎದ್ದು ಬಂದು ಏನ ಉತ್ತರ ಕೊಡ್ತಾಳ್ರಿ? ಅಪ್ಪ ಅಕಿ ಫೋಟೋಕ್ಕ ಹೆಂಗ ಹೂ ಏರಿಸ್ತಾನ್ರಿ?”

“ಖರೆ ಅಂದ್ರ ಖರೇನೋ, ತಮ್ಮಾ! ನಿನ್ನ ಜೀವಮಾನ ಮಣ್ಣಾಗ್ತದ,” ಎಂದೆ ನಾನು.

“ಆಗಲಿ ಚಾಚಾ. ನೀವು ಹೇಳಿದ್ರ ನಾ ಸುಳ್ಳ ಅಂತೀನಿ. ನಾ ಜೋರ ಹೊಡದೀನಿ, ಅಷ್ಟ.”

ದೌಲಪ್ಪ ಮೆಲ್ಲಗೆ ಕೇಳಿದ, “ಉಳದ ಟ್ರ್ಯಾಲಿ? ಅದರಾಗೂ ಹೆಣ್ಮಕ್ಕಳು ಕುಂದರ್ತಾರ.”

ಆನಂದ ಮುಖ ಮುಚ್ಚಿಕೊಂಡ. “ಅವನ್ನ ಹೆಂಗರೆ ಮಾಡಿ ಬಿಚ್ಚಿಸ್ರಿ, ಕಾಕಾ. ಆದ್ರ ಯಾಕಂತ ಹೇಳಬ್ಯಾಡ್ರಿ. ಅವ್ವನ ಹೆಸರು ಬರಬಾರದು. ಆಣಿ ಮಾಡ್ರಿ.”

ದೌಲಪ್ಪ ಆ ಹುಡುಗನ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದ. ಮಾಡಬಾರದಿತ್ತು ಎಂದು ಬರುವಾಗ ದಾರಿಯುದ್ದಕ್ಕೂ ಜಗಳ ತೆಗೆದೆ. ಅವನು ಒಂದೇ ಮಾತು ಹೇಳಿದ: “ಅಕಿನ್ನ ಒಮ್ಮೆ ಕೊಂದೀನಿ. ಇನ್ನೊಮ್ಮೆ ಕೊಲ್ಲಂಗಿಲ್ಲ.”

ಮರುದಿನದಿಂದ ಫೋನು ಹಚ್ಚಿದ. ಟ್ರ್ಯಾಲಿ ತನ್ನಿರಿ, ವೆಲ್ಡಿಂಗ್ ನೋಡಿ ಕೊಡುತ್ತೇನೆ, ಬಿಟ್ಟಿ ಎಂದ. ಕೋಟನೂರಿನ ಇಬ್ಬರು ಬಂದರು. ಯಾಕೆ ಏನು ಎಂದು ಕೇಳದೆ ನಾಲ ತೆಗೆಸಿಕೊಂಡು ಹೋದರು, ಪಾಪ, ನಂಬಿಕೆಯ ಜನ. ಉಳಿದವರು ಕಟರ್ ಮಷೀನು ನಾಲದ ಹತ್ತಿರ ಬಂದ ಕೂಡಲೇ ಗಾಡಿ ತಿರುಗಿಸಿದರು. ತೆಗೆದ ನಾಲವನ್ನು ತಂತಿಯಿಂದ ಹಿಂಬಾಗಿಲಿಗೆ ಕಟ್ಟಿ ಕೊಡುತ್ತೇನೆ ಎಂದರೆ, ತಂತಿಗೆ ಕಟ್ಟಿದ ನಾಲ ಯಾರನ್ನು ಕಾಯುತ್ತದೆ ಎಂದು ನಕ್ಕರು.

ಅಂಬಣ್ಣ ಬಂದದ್ದಂತೂ ಇನ್ನೊಂದು ನಾಲ ಹಚ್ಚಿಸಿಕೊಳ್ಳಲು. ಕೈಯಲ್ಲೇ ಹಿಡಿದು ತಂದಿದ್ದ.

“ಆನಂದನ ಟ್ರ್ಯಾಲ್ಯಾಗ ಒಂದ ಇತ್ತು, ಅದಕ್ಕ ಇಬ್ಬರು ಹೋದ್ರು. ಎರಡು ಇದ್ರ ಯಾರೂ ಹೋಗ್ತಿದ್ದಿಲ್ಲ. ಇದನ್ನ ಅದರ ಬಾಜೂಕ ಹಚ್ಚು, ಮಿಸ್ತ್ರೀ.”

“ಹಚ್ಚಂಗಿಲ್ಲ, ಅಂಬಣ್ಣ. ಇದ್ದದ್ದೂ ತಗೀತೀನಿ. ಅಂಚಿಗೆ ಬೆಂಕಿ ತಾಗಬಾರದು.”

“ಮುತ್ಯಾನ ಕಾಲದಿಂದ ಹಚ್ಚಾಕತ್ತೀರಿ. ಈಗ ತಾಗಬಾರದೇನು? ನಿಮ್ಮ ಮುತ್ಯಾಗ ಬುದ್ಧಿ ಇದ್ದಿಲ್ಲೇನು?”

“ಮುತ್ಯಾಂದು ಕಟ್ಟಿಗಿ ಇತ್ತೋ ಮಾರಾಯಾ!” ಎಂದು ನಾನು ಕುಂಚ ನೆಲಕ್ಕೆ ಕುಕ್ಕಿದೆ. “ಆ ಹುಡುಗಂದು ಮೂಕಿ—”

ದೌಲಪ್ಪ ನನ್ನ ಕಾಲು ತುಳಿದ. ಮಾತು ನುಂಗಿಕೊಂಡೆ. ಅಂಬಣ್ಣ ನಮ್ಮಿಬ್ಬರನ್ನೂ ನೋಡಿ, “ಮಿಸ್ತ್ರಿಗೆ ತಲಿ ಕೆಟ್ಟದ,” ಎಂದು ಹೋದ. ಶರಣಸಿರಸಗಿ ದಾರಿಯ ಇನ್ನೊಂದು ಅಂಗಡಿಯಲ್ಲಿ ಎರಡನೆಯ ನಾಲ ಹಚ್ಚಿಸಿಕೊಂಡನೆಂದು ಸಂಜೆಗೆ ಸುದ್ದಿ ಬಂತು. ಆ ಅಂಗಡಿಯವನಿಗೆ ಎದೆ ಯಾವುದು ಅಂಚು ಯಾವುದು ಎಂದೂ ಗೊತ್ತಿಲ್ಲ. ಅವನ ಬಾಗಿಲಲ್ಲಿ ಈಗ ಟ್ರ್ಯಾಲಿಗಳ ಸಾಲು ನಿಂತಿತು, ನಮ್ಮ ಅಂಗಳದಲ್ಲಿ ನಾಯಿಗಳು ಮಲಗಿದವು. ದೌಲಪ್ಪ ನಾಲ ಹಚ್ಚುವುದಿಲ್ಲವಂತೆ ಎಂಬುದೊಂದೇ ಮಾತು ಊರೂರಿಗೆ ಹೋಯಿತು. ಅವನು ಖಾಲಿ ಅಂಗಳದಲ್ಲಿ ಕೂತು ರಸ್ತೆಯ ಮೇಲೆ ಹೋಗುವ ಪ್ರತಿ ಟ್ರ್ಯಾಲಿಯ ಹೊಟ್ಟೆಯಡಿಗೆ ಬಗ್ಗಿ ನೋಡುತ್ತಿದ್ದ.

ಹೀಗಿರುವಾಗ ಒಂದು ಮಧ್ಯಾಹ್ನ ಆನಂದಕುಮಾರ ಬೈಕಿನಲ್ಲಿ ಬಂದ. ತುಟಿ ಒಡೆದಿತ್ತು. ಅಂಗಿಯ ಬೆನ್ನು ಹರಿದು ಅದರೊಳಗಿಂದ ಬಾಸುಂಡೆಗಳು ಕಾಣುತ್ತಿದ್ದವು. ಟ್ಯಾಂಕಿನ ಮೇಲೆ ಒಂದು ಗೊಬ್ಬರದ ಚೀಲ. ಇಳಿದವನೇ ಚೀಲವನ್ನು ನಮ್ಮ ತಗಡಿನ ಮೇಲೆ ಸುರಿದ.

ನಾಲಗಳು. ಎಲ್ಲ ನಾನು ಬಳಿದ ಕೆಂಪಿನವೇ.

“ಎಲ್ಲಿಂದ ತಂದ್ಯೋ?” ಎಂದೆ.

“ಕದ್ದು ತಂದೀನಿ, ಚಾಚಾ. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಎಲ್ಲಾರೂ ಗಿಡದ ಬುಡಕ 	ಇರ್ತಾರ. ಟ್ರ್ಯಾಲಿ ಬದುವಿನ ಮ್ಯಾಲ ಒಂದ ನಿಂತಿರ್ತದ. ಕೆಳಗ ಹೊಕ್ಕು ಛಾಣ ಇಟ್ಟು ಸುತ್ತಿಗಿಲೆ ಹೊಡದು ಕಿತ್ತೀನಿ. ಇವತ್ತ ಅಂಬಣ್ಣ ಹಿಡದ.”

“ಅಂಬಣ್ಣ ಹೊಡದನೇನು?”

“ಅಂವ ತುಟಿಗೆ ಅಷ್ಟ ಕೊಟ್ಟ. ಬೆನ್ನು ಅಪ್ಪಂದು.” ಅವನು ಬೇರೆ ಯಾರದೋ ಸುದ್ದಿ ಹೇಳುವ ಹಾಗೆ ಹೇಳಿದ. “ಬಾರಕೋಲ ತಗೊಂಡು ಚಾವಡಿ ಮುಂದ ಹೊಡದ. ತಾಯಿನ್ನ ತಿಂದಿ, ಈಗ ಊರ ಕಾಯೂ ನಾಲಾನೂ ತಿಂತೀಯೇನು ಅಂದ.”

“ಅಪ್ಪಗಾರೆ ಹೇಳಬೇಕಿಲ್ಲೋ, ಹುಚ್ಚಪ್ಪಾ!”

“ಹೇಳಿದ್ರ ಅವ್ವನ ಹೆಸರು ಬರ್ತದಲ್ರಿ.”

ದೌಲಪ್ಪ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತ. ಒಂದು ನಾಲ ಎತ್ತಿ ಅದರ ಹಿಂಬದಿ ನೋಡಿದ. ಕಿತ್ತ ಜಾಗದಲ್ಲಿ ಅರ್ಧ ವೆಲ್ಡಿಂಗ್ ಮಾತ್ರ ಬಂದಿತ್ತು.

“ಛಾಣದಿಂದ ಕಿತ್ತಿಯೇನು? ಬೇರು ಅಲ್ಲೇ ಉಳದದ, ತಮ್ಮಾ. ಹರದ ಬೇರು. ಇದು ಮೊದಲಿಗಿಂತ ಖರಾಬ.”

ಆನಂದ ತಗಡಿನ ಮೇಲೆ ಕೂತ. ಪೆಟ್ಟು ತಿಂದು ಬಂದವನಿಗೆ ಆ ಮಾತು ಎಲ್ಲಕ್ಕಿಂತ ಜೋರಾಗಿ ತಾಗಿತು. “ಹಂಗಾರ ಏನ ಮಾಡಬೇಕ್ರಿ ಈಗ?”

ದೌಲಪ್ಪ ಒಳಗೆ ಹೋಗಿ ಕಬ್ಬಿಣ ಉಜ್ಜುವ ಒಂದು ಉದ್ದನೆಯ ಕಾನಸ ತಂದ. ಒಂದು ತುಂಡು ಚಾನೆಲ್ಲಿಗೆ ನಾಲ ಹಚ್ಚಿ, ಛಾಣದಿಂದ ಹೊಡೆದು ಕಿತ್ತು, ಉಳಿದ ಬೇರನ್ನು ಕಾನಸದಿಂದ ಉಜ್ಜಿ ತೋರಿಸಿದ. ಅಡ್ಡಡ್ಡ ಉಜ್ಜಬಾರದು, ಉದ್ದಕ್ಕೇ ಉಜ್ಜಬೇಕು, ಕಬ್ಬಿಣ ಎಳೆಯುವ ದಿಕ್ಕಿಗೇ. ಅಡ್ಡ ಗೀರು ಒಂದೂ ಉಳಿಯಬಾರದು. ಆನಂದನ ಕೈ ಹಿಡಿದು ಉಜ್ಜಿಸಿದ. ಅವನ ಬೆರಳ ತುದಿಯನ್ನು ಆ ಜಾಗದ ಮೇಲೆ ಆಚೀಚೆ ಆಡಿಸಿದ.

“ಉಗುರು ಸಿಗಬಾರದು. ಸಿಕ್ಕರ ಇನ್ನೂ ಉಜ್ಜು. ಸೀಳು ಕಂಡ್ರ ಮಾತ್ರ ಕೈ ಹಚ್ಚಬ್ಯಾಡ, ಗಾಡಿ ನಡೀದಂಗ ಗಾಲಿ ಹವಾ ಬಿಟ್ಟು ನನಗ ಫೋನ್ ಹಚ್ಚು. ನಾನೂ ಬರ್ತೀನಿ ನಡಿ.”

“ನೀವು ಬರಬ್ಯಾಡ್ರಿ, ಕಾಕಾ. ಮಿಸ್ತ್ರಿ ಬಂದು ನಾಲ ಕಿತ್ತ ಅಂದ್ರ ಜನ ಯಾಕಂತ ಕೇಳ್ತಾರ. ನಾ ಕಿತ್ತರ ಯಾರೂ ಕೇಳಂಗಿಲ್ಲ. ಹುಚ್ಚ ಅಂತಾರ, ಹೊಡದು ಬಿಡ್ತಾರ.”

ಈ ಮಾತಿಗೆ ದೌಲಪ್ಪ ಅತ್ತ. ಇಷ್ಟು ದಿನಗಳಲ್ಲಿ ಅವನು ಅತ್ತದ್ದು ಅದೇ ಮೊದಲು. ಕಾನಸವನ್ನು ಹುಡುಗನ ಕೈಗೆ ಕೊಟ್ಟು, ನಾಲಗಳ ರಾಶಿಗೆ ಬೆನ್ನು ಮಾಡಿ ನಿಂತ.

ಉಜ್ಜಿದ ಕಬ್ಬಿಣ ಬೆಳ್ಳಗೆ ಹೊಳೆಯುತ್ತದೆ. ಬಗ್ಗಿದವನಿಗೆ ದೂರದಿಂದಲೇ ಗೊತ್ತಾಗುತ್ತದೆ, ಮರುದಿನವೇ ಹೋಗಿ ಹೊಸ ನಾಲ ಹಚ್ಚಿಸಿಕೊಳ್ಳುತ್ತಾನೆ. ಅದಕ್ಕೆ ಇರುವ ಮದ್ದು ನನ್ನ ಹತ್ತಿರ ಮಾತ್ರ ಇದೆ. ಆ ಜಾಗಕ್ಕೆ ಕಪ್ಪು ಬಳಿದು, ಅದರ ಮೇಲೆ ಕೆಂಪಿನಲ್ಲಿ ಒಂದು ನಾಲ ಬರೆದುಬಿಟ್ಟರೆ, ಕೈಯಿಟ್ಟು ಮುಟ್ಟುವವರೆಗೆ ಯಾವ ಮಗನಿಗೂ ತಿಳಿಯುವುದಿಲ್ಲ. ಬಣ್ಣದ ನಾಲ ಯಾರನ್ನೂ ಕಾಯುವುದಿಲ್ಲ, ಕೊಲ್ಲುವುದೂ ಇಲ್ಲ. ಹಿಂಬಾಗಿಲ ಹೂವಿಗೆ ಬಣ್ಣ ತಿದ್ದಲು ಬಂದಿದ್ದೇನೆ ಎಂದರೆ ನನ್ನನ್ನು ಯಾರು ತಡೆಯುತ್ತಾರೆ? ಕೆಂಪು ಡಬ್ಬಿ ಎತ್ತಿಕೊಂಡು ಆನಂದನ ಬೈಕಿನ ಹಿಂದೆ ಕೂತೆ. ಮುಚ್ಚಳ ಸರಿಯಾಗಿ ಕೂಡುತ್ತಿರಲಿಲ್ಲ, ಎರಡೂ ಕೈಯಿಂದ ಒತ್ತಿ ಹಿಡಿದುಕೊಂಡೆ.

ಇಳಿಜಾರಿನಲ್ಲಿ ಅವನು ಬೈಕನ್ನು ನಡೆಸಿಕೊಂಡು ಹೋದಷ್ಟು ಮೆಲ್ಲಗೆ ಇಳಿಸಿದ. ಮೂಕಿ ಹೂತ ಜಾಗದಲ್ಲಿ ಡಾಂಬರು ಇನ್ನೂ ಕಿತ್ತೇ ಇತ್ತು. ಅವನು ಆ ಕಡೆ ನೋಡಲಿಲ್ಲ, ನಾನೂ ನೋಡಲಿಲ್ಲ.

ಕಮಲಾಪುರದ ಬಸ್‌ಸ್ಟ್ಯಾಂಡಿನ ಹತ್ತಿರ ಶಂಕ್ರಮ್ಮ ಕಟ್ಟೆಯ ಮೇಲಿದ್ದಳು. ಮಡಿಲಲ್ಲಿ ಶೀಲಾಳ ಕೂಸು. ಬೈಕನ್ನು ಕಂಡು ಎದ್ದು ನಿಂತಳು. ಕೂಸನ್ನು ಸೊಂಟಕ್ಕೆ ಏರಿಸಿಕೊಂಡು ರಸ್ತೆಯ ಅಂಚಿಗೆ ಬಂದು ಉಗುಳಿದಳು.

“ಹಡದಾಕಿನ್ನ ತಿಂದಂವ! ನನ್ನ ಸೊಸಿನ್ನ ತಿಂದಂವ! ಈ ಕೂಸಿನ ಕಣ್ಣೀರು ನಿನಗ ತಟ್ಟಲಿ, ನಿನ್ನ ಬಾಯಾಗ ಮಣ್ಣ ಬೀಳಲಿ!”

ಚಹಾದಂಗಡಿಯ ಜನ ತಿರುಗಿ ನೋಡಿದರು. ಯಾರೋ ‘ನಾಲಗಳ್ಳ’ ಎಂದರು, ಯಾರೋ ನಕ್ಕರು. ಆಣೆ ಮಾಡಿದ್ದು ದೌಲಪ್ಪ, ನಾನಲ್ಲ. ಒಂದೇ ಮಾತು ಸಾಕಿತ್ತು. ಕೂಗಲು ಬಾಯಿ ತೆರೆದು ಸೀಟಿನ ಮೇಲೆ ಅರ್ಧ ಎದ್ದೆ.

ಆನಂದ ತಿರುಗಲಿಲ್ಲ, ಬೈಕಿನ ವೇಗವನ್ನೂ ಹೆಚ್ಚಿಸಲಿಲ್ಲ.

“ಸುಮ್ನ ಕುಂದರ್ರಿ, ಚಾಚಾ,” ಎಂದ. “ಡಬ್ಬಿ ತುಳಕ್ತದ.”